ಎರಡು ಸೀಟಿನ ಕಾರಿಗೆ ಹಿಂದಿನಿಂದ ಹತ್ತುವ ಗಾಳಿಯವರಿಗೆ

ಗೆ,
ಸರ್ವಸಂಚಾರಿಗಳೂ, ಯಾವ ಬಾಗಿಲ ಮುಂದೆಯೂ ಕಾದು ನಿಂತ ಅಭ್ಯಾಸವಿಲ್ಲದವರೂ ಆದ
ಶ್ರೀಯುತ ಗಾಳಿಯವರು,
ವಿಳಾಸ: ಎಲ್ಲೆಲ್ಲೂ, ವಿಶೇಷವಾಗಿ ನನ್ನ ಕುತ್ತಿಗೆಯ ಹಿಂದೆ.

ವಿಷಯ: ನನ್ನ ಸ್ವಂತ ಕಾರಿನೊಳಗೆ ತಾವು ಹಿಂಬದಿಯಿಂದ ಪ್ರವೇಶಿಸುತ್ತಿರುವುದು, ಅದನ್ನು ತಡೆಯಲು ನಾನು ಮನೆಯಲ್ಲೇ ಮಾಡಿದ ಬೆಳಕಿನ ಗಾಳಿತಡೆ, ಮತ್ತು ಅದರಿಂದಾದ ಸಕಲ ಅನಾಹುತ.

ಉಲ್ಲೇಖ: ತಾವು ಸ್ವೀಕರಿಸಿದ ನನ್ನ ಮೂರು ಟೋಪಿಗಳು, ತಾವು ಹಿಂದಿರುಗಿಸಿದ ಅರ್ಧ ಟೋಪಿ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಂಬದೆ ವಿಧಿಯೂ ಇಲ್ಲ, ಏಕೆಂದರೆ ಇವತ್ತು ಬೆಳಿಗ್ಗೆ ಈ ಪತ್ರದ ಮೊದಲ ಕರಡನ್ನು ನನ್ನ ಮೇಜಿನಿಂದ ಎತ್ತಿಕೊಂಡು, ಕಿಟಕಿ ದಾಟಿಸಿ, ಎದುರುಮನೆಯವರ ನೀರಿನ ತೊಟ್ಟಿಯಲ್ಲಿ ಅದ್ದಿ ತೆಗೆದ ತಮ್ಮ ಉತ್ಸಾಹವನ್ನು ಕಣ್ಣಾರೆ ಕಂಡವನು ತಮ್ಮ ಆರೋಗ್ಯದ ಬಗ್ಗೆ ಸಂಶಯಪಡುವುದು ಕೃತಘ್ನತೆಯಾದೀತು. ಇದು ಎರಡನೆಯ ಕರಡು. ಕಾಗದದ ನಾಲ್ಕು ಮೂಲೆಗೂ ಒಂದೊಂದು ಕಬ್ಬಿಣದ ನಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ, ಆದ್ದರಿಂದ ಅಕ್ಷರ ಅಲ್ಲಲ್ಲಿ ಇಕ್ಕಟ್ಟಾಗಿದ್ದರೆ ಮನ್ನಿಸಬೇಕು.

ನನ್ನ ಪರಿಚಯ ತಮಗೆ ಇರಲೇಬೇಕು. ನಾನು ಬೆಳಕಿನ ಬೋರ್ಡು ಮಾಡುವವನು. ಸಂಜೆ ಹೊತ್ತು ತಾವು ನಮ್ಮ ಮುಖ್ಯ ಬೀದಿಯಲ್ಲಿ ಅಡ್ಡಾಡುವಾಗ ಔಷಧಿ, ಕನ್ನಡಕ, ಚಪ್ಪಲಿ, ಬೀಗದ ಕೈ ಎಂದು ಹೊಳೆಯುವ ಹಲಗೆಗಳಲ್ಲಿ ಅರ್ಧಕ್ಕರ್ಧ ನನ್ನ ಕೈಯಿಂದ ಬಂದವು. ಅವುಗಳಲ್ಲಿ ಒಂದೊಂದನ್ನೂ ತಾವು ಹಿಡಿದು ಅಲುಗಾಡಿಸಿ ಪರೀಕ್ಷಿಸಿದ್ದೀರಿ, ಒಂದೂ ಬಿದ್ದಿಲ್ಲ ಎಂದು ವಿನಯದಿಂದ ನೆನಪಿಸುತ್ತೇನೆ. ಅದೇ ಬೀದಿಯ ಕೊನೆಯಲ್ಲಿರುವ ಸಲೂನ್ ನನ್ನ ಹೆಂಡತಿಯದು. ಇಪ್ಪತ್ತಾರು ವರ್ಷದಿಂದ ಅವಳು ಊರಿನವರ ತಲೆ ಕಾಯುತ್ತಿದ್ದಾಳೆ, ನಾನು ಊರಿನವರ ಹೆಸರು ಕಾಯುತ್ತಿದ್ದೇನೆ, ಇಬ್ಬರಿಗೂ ದೊಡ್ಡ ಶತ್ರು ತಾವೇ.

ಎರಡು ವರ್ಷದ ಹಿಂದೆ, ಐವತ್ತು ದಾಟಿದ ಗಂಡಸರಿಗೆ ಬರುವ ಹಲವು ಕಾಯಿಲೆಗಳಲ್ಲಿ ಕಡಿಮೆ ಅಪಾಯದ ಒಂದು ನನಗೂ ತಗುಲಿ, ಮೇಲಿನ ಮಾಡನ್ನು ಹಿಂದಕ್ಕೆ ಮಡಚಿ ಇಡಬಹುದಾದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಮನೆಗೆ ತಂದೆ. ಬಣ್ಣ ಕೆಂಪು. ಎರಡು ಸೀಟು ಎಂದರೆ ಒಂದು ನನಗೆ, ಇನ್ನೊಂದು ಅವಳಿಗೆ. ಲೆಕ್ಕ ಅಷ್ಟು ಸರಳವಾಗಿತ್ತು. ಆದರೆ ಈ ಎರಡು ವರ್ಷದಲ್ಲಿ ಅವಳು ಆ ಸೀಟಿನಲ್ಲಿ ಕೂತದ್ದು ಮೂರೇ ಸಲ. ಬೇರೆ ಕಾರುಗಳಲ್ಲಿ ಒಂದು ಸೀಟು ಖಾಲಿ ಬಿದ್ದರೆ ಅದು ಬರೀ ಖಾಲಿ ಸೀಟು. ಎರಡು ಸೀಟಿನ ಕಾರಿನಲ್ಲಿ ಒಂದು ಖಾಲಿ ಇದ್ದರೆ ಅರ್ಧ ಕಾರೇ ಖಾಲಿ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ತಮಗೇ ಮೊದಲು ಹೇಳುತ್ತಿದ್ದೇನೆ.

ಅವಳು ಕೂರದಿರಲು ಕಾರಣ ತಾವು. ಮಾಡು ಮಡಚಿದ ಕಾರಿನಲ್ಲಿ ಗಾಳಿ ಮುಂದಿನಿಂದ ಬಡಿಯುತ್ತದೆಂದು ಲೋಕವೆಲ್ಲ ತಿಳಿದಿದೆ, ನಾನೂ ಹಾಗೇ ತಿಳಿದಿದ್ದೆ. ಆದರೆ ಮುಂದೆ ಗಾಜಿದೆ, ಅಲ್ಲಿ ತಾವು ಮಹಾ ಸಭ್ಯರು. ಗಾಜಿನ ಬೆನ್ನೇರಿ, ನಮ್ಮ ನೆತ್ತಿಯ ಮೇಲೆ ಹಾದು, ಏನೂ ಮುಟ್ಟದೆ ಹಿಂದೆ ಹೋಗಿಬಿಡುತ್ತೀರಿ. ಹೋದವರು ಹಾಗೇ ಹೋಗಬಾರದೆ? ಛತ್ರಿ ಮರೆತ ನೆಂಟರ ಹಾಗೆ ತಿರುಗಿ ಬಂದು, ಸೀಟುಗಳ ಹಿಂದೆ ಇಳಿದು, ನಡುವಿನ ಸಂದಿಯಲ್ಲಿ ನುಗ್ಗಿ, ಕುತ್ತಿಗೆಯ ಬುಡದಿಂದ ಮೇಲಕ್ಕೆ ಕೂದಲೆಲ್ಲ ಬಾಚಿ ಎತ್ತಿ ಮುಖಕ್ಕೆ ಹಾಕುತ್ತೀರಿ. ಮುಂದೆ ನಮಸ್ಕಾರ ಹೇಳಿ ಹಿಂದಿನಿಂದ ಕೈ ಹಾಕುವ ಈ ವಿದ್ಯೆಯನ್ನು ಮನುಷ್ಯರು ತಮ್ಮಿಂದಲೇ ಕಲಿತಿರಬೇಕು.

ನನ್ನ ತಲೆಯ ಮೇಲೆ ತಾವು ಕೆಡಿಸಲು ಏನೂ ಉಳಿದಿಲ್ಲವಾದ್ದರಿಂದ ಟೋಪಿಗಳನ್ನು ಒಯ್ದು ಸಮಾಧಾನಪಟ್ಟಿರಿ, ಅದಕ್ಕೆ ಆಕ್ಷೇಪಣೆ ಇಲ್ಲ. ಆದರೆ ಕೂದಲಿನ ಕೆಲಸ ಮಾಡುವ ಹೆಂಗಸಿನ ತಲೆ ಎಂದರೆ ಅವಳ ಅಂಗಡಿಯ ಬೋರ್ಡು. ಮೊದಲ ಸಲ ಅವಳು ಕಾರಿಳಿದಾಗ ಎದುರಿಗೆ ಬಂದ ಹಳೆಯ ಗಿರಾಕಿ, "ಏನ್ ಮೇಡಂ, ಯಾರ ಜೊತೆ ಜಗಳ ಆಯ್ತು?" ಎಂದು ಕೇಳಿದರು. ಎರಡನೆಯ ಸಲ ಕೂದಲೊಳಗೆ ಒಂದು ಒಣ ಎಲೆ ಇತ್ತು. ಮೂರನೆಯ ಸಲ ಅದೇ ಜಾಗದಲ್ಲಿ ಜೀವ ಇದ್ದ ಒಂದು ಹುಳು ಇತ್ತು, ಮತ್ತು ಅದು ಸಿಕ್ಕಿದ್ದು ಗಿರಾಕಿಯ ಕೈಗೆ. ಅಲ್ಲಿಗೆ ಮುಗಿಯಿತು.

ಹೀಗಿರುವಾಗ ಹೋದ ತಿಂಗಳು, ಪಕ್ಕದ ಊರಿನಲ್ಲಿ ನಡೆಯುವ ಕೇಶಾಲಂಕಾರದವರ ಸಮಾವೇಶಕ್ಕೆ ಅವಳನ್ನು ತೀರ್ಪುಗಾರ್ತಿಯಾಗಿ ಕರೆದರು. ನಾನೇ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದೆ. ಅವಳು ಕತ್ತರಿ ಒರೆಸುತ್ತ, ತಲೆ ಎತ್ತದೆ, ಷರತ್ತು ಹಾಕಿದಳು: "ಭಾನುವಾರ ನನ್ನ ತಲೆ ಮನೆಯಿಂದ ಹೊರಟ ಹಾಗೇ ಅಲ್ಲಿ ತಲುಪಬೇಕು ರೀ. ಆಗಲ್ಲ ಅನ್ನೋದಾದ್ರೆ ತಮ್ಮನ ಕಾರಲ್ಲಿ ಹೋಗ್ತೀನಿ. ಆಮೇಲೆ ಈ ಕೆಂಪು ಡಬ್ಬ ಮಾರೋ ವಿಷಯ ಮಾತಾಡೋಣ." ಅವಳ ತಮ್ಮ, ಅಂದರೆ ನನ್ನ ಭಾವಮೈದ, ಎ.ಸಿ. ರಿಪೇರಿ ಮಾಡುವವನು, ಗಾಳಿ ಅಂದರೆ ಡಬ್ಬದೊಳಗಿಂದ ತಣ್ಣಗೆ, ಹೇಳಿದ ಹೊತ್ತಿಗೆ, ಹೇಳಿದಷ್ಟು ಬರಬೇಕು ಎಂಬ ಸಿದ್ಧಾಂತದವನು. ಅವನ ಕಾರಿನ ಕಿಟಕಿ ಇಳಿದದ್ದನ್ನು ಕಂಡವರಿಲ್ಲ. ನನ್ನ ಯೋಜನೆ ಕೇಳಿ ಅವನು, "ಭಾವ ಗಾಳಿ ಗುದ್ದಿ ಮೈ ನೋಯಿಸ್ಕೊಳ್ತಾರೆ ಅಷ್ಟೇ" ಎಂದ. ಮಾನ್ಯರೇ, ಹಿರಿಯರು ಮಾಡಿಟ್ಟ ಗಾದೆಗಳಲ್ಲಿ ತಮ್ಮ ಪರವಾಗಿ ಇಷ್ಟೊಂದು ಇರುವುದು ಹೇಗೆ ಎಂಬುದನ್ನು ಯಾರಾದರೂ ವಿಚಾರಿಸಬೇಕು.

ಮೂರು ವಾರ ಗುದ್ದಿದೆ. ಸೀಟುಗಳ ಹಿಂದೆ, ತಲೆಯ ಎತ್ತರಕ್ಕೆ, ತಾವು ತಿರುಗಿ ಇಳಿಯುವ ಜಾಗದಲ್ಲೇ ಒಂದು ಅಡ್ಡಹಲಗೆ ನಿಲ್ಲಿಸಿದರೆ ತಾವು ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋಗಬೇಕಾಗುತ್ತದೆ, ಇಷ್ಟೇ ಯುಕ್ತಿ. ಅಳತೆಗೆಂದು ಮೊದಲು ರಟ್ಟಿನದ್ದು ಮಾಡಿದೆ. ಅದು ಮೊದಲ ತಿರುವಿನಲ್ಲೇ ಹಾರಿ, ಹಿಂದೆ ಬರುತ್ತಿದ್ದ ಸೈಕಲ್ಲಿನವರ ಬುಟ್ಟಿಯಲ್ಲಿ ಹೋಗಿ ಕೂತಿತು; ಗುರಿಯನ್ನು ಮೆಚ್ಚಬೇಕು. ಆಮೇಲೆ ಪ್ಲೈವುಡ್ಡಿನದ್ದು ಮಾಡಿದೆ. ಅದು ತಮ್ಮನ್ನು ತಡೆಯಿತು, ಜೊತೆಗೆ ನನ್ನ ಹಿಂದೆ ಬರುತ್ತಿದ್ದ ಇಡೀ ಲೋಕವನ್ನೂ ಮರೆಮಾಡಿತು, ಮತ್ತು ಆ ಲೋಕದಲ್ಲಿ ಒಂದು ಲಾರಿಯೂ ಇತ್ತು. ಆಗ ತಿಳಿಯಿತು, ಇದು ಪಾರದರ್ಶಕವಾಗಿರಬೇಕು. ಅಂದರೆ ನನ್ನದೇ ಕಸುಬಿನ, ಗಾಜಿನಂಥ ಪ್ಲಾಸ್ಟಿಕ್ಕಿನ ಅಕ್ರಿಲಿಕ್ ಹಾಳೆ. ಇಷ್ಟು ದಿನ ಮರದ ಹಿಂದೆ ಬಿದ್ದವನ ಬುದ್ಧಿಗೆ ತಾವು ನಕ್ಕಿರಬಹುದು, ಅಂಗಡಿಯ ಶಟರ್ ಅಲ್ಲಾಡುವ ಸದ್ದು ನನಗೆ ಕೇಳಿಸಿತು.

ಪರೀಕ್ಷೆಗೆ ತಲೆ ಬೇಕಲ್ಲ? ಸಲೂನಿನಲ್ಲಿ ಹೊಸಬರ ಕೈ ಪಳಗಲೆಂದು ಇಟ್ಟಿರುವ ಒಂದು ಗೊಂಬೆತಲೆ ಇದೆ. ನಿಜವಾದ ಕೂದಲು, ಕೊರಳವರೆಗೆ ಮಾತ್ರ ದೇಹ, ಮುಖದಲ್ಲಿ ಯಾವ ದೂರೂ ಇಲ್ಲ. ಅದನ್ನು ಒಂದು ಪೇಂಟಿನ ಡಬ್ಬದ ಮೇಲೆ ಕೂರಿಸಿ, ನನ್ನ ಹಳೆಯ ಕೋಟು ಹೊದಿಸಿ, ಸೀಟ್ ಬೆಲ್ಟ್ ಬಿಗಿದು, ಬೈಪಾಸ್ ರಸ್ತೆಯಲ್ಲಿ ದಿನಾ ಎರಡು ಸುತ್ತು ಹಾಕಿಸಿ ತರುತ್ತಿದ್ದೆ. ಹೊರಡುವ ಮುಂಚೆ ಹೆಂಡತಿ ಅದಕ್ಕೆ ಭಾನುವಾರದ್ದೇ ಶೈಲಿಯಲ್ಲಿ ಕೂದಲು ಕಟ್ಟುವಳು. ಬಂದ ಮೇಲೆ ಬಾಚಣಿಗೆಯ ಬಾಲದಿಂದ ಎತ್ತಿ ಎತ್ತಿ ನೋಡಿ ಅಂಕ ಕೊಡುವಳು. ಸೋಮವಾರ ನೂರಕ್ಕೆ ಹನ್ನೊಂದು ಬಂತು. ಎರಡು ವರ್ಷದಲ್ಲಿ ನನ್ನ ಪಕ್ಕ ಅತಿ ಹೆಚ್ಚು ದೂರ ಕೂತು ಬಂದ ಹೆಂಗಸು ಆ ಗೊಂಬೆಯೇ ಎಂದು ಬೀದಿಯವರೆಲ್ಲ ನಕ್ಕರು. ನಾನೂ ಅವರ ಜೊತೆ ನಕ್ಕೆ, ಆದರೆ ಅಷ್ಟೊಂದು ನಗು ಬರಲಿಲ್ಲ.

ಸರಿಯಾದ ದಪ್ಪದ ಹಾಳೆ ಸಿಗದೆ ಇನ್ನೊಂದು ಪೇಚು. ಹಾಳೆ ಮಾರುವವರ ಹತ್ತಿರ ಹಸಿರು, ಹೊಗೆ ಬಣ್ಣ, ಹಾಲು ಬಣ್ಣ ಎಲ್ಲ ಇತ್ತು, ತಿಳಿ ಹಾಳೆ ಮಾತ್ರ ಮುಂದಿನ ವಾರ ಎಂದರು. ನನ್ನ ವರ್ಕ್‌ಶಾಪಿನ ಕಪಾಟಿನ ಹಿಂದೆ, ಗೋಡೆಗೆ ಒರಗಿ, ಕಂದು ಕಾಗದ ಸುತ್ತಿದ ಹಳೆಯ ತುಂಡೊಂದು ಸಿಕ್ಕಿತು. ಅದರ ಬೆನ್ನಿನ ಮೇಲೆ ಏನೋ ತೆಳ್ಳಗೆ ಗೀರು ಕೈಗೆ ತಗುಲಿತು. ಯಾವುದೋ ಕಾಲದ ಯಾವುದೋ ಅಂಗಡಿಯದು ಇರಬೇಕೆಂದು, ಓದುವ ಗೋಜಿಗೂ ಹೋಗದೆ, ಚೆನ್ನಾಗಿ ಪಾಲಿಶ್ ಹಾಕಿ ತಿಕ್ಕಿ, ಕಣ್ಣಿಗೆ ಏನೂ ಕಾಣದಂತೆ ಮಾಡಿದೆ. ಮೂಲೆಗಳನ್ನು ಗುಂಡಗೆ ಕೊರೆದೆ. ಮೇಲಿನ ಅಂಚನ್ನು ಕಾಯಿಸಿ ತುಸು ಹಿಂದಕ್ಕೆ ಬಗ್ಗಿಸಿದೆ. ಸೈಕಲ್ ಟ್ಯೂಬು ಕತ್ತರಿಸಿ, ಕೆಳಗಿನ ಸಂದಿಗೆಲ್ಲ ಅಂಟಿಸಿ, ತಾವು ನುಸುಳುವ ಕೊನೆಯ ಕಿಂಡಿಯನ್ನೂ ಮುಚ್ಚಿ, ಸೀಟಿನ ಹಿಂದಿನ ಕಂಬಿಗಳಿಗೆ ಎರಡು ಕ್ಲಾಂಪು ಹಾಕಿ ಬಿಗಿದೆ. ಬುಧವಾರ ಗೊಂಬೆಗೆ ತೊಂಬತ್ತಾರು ಬಂತು. ಕಳೆದ ನಾಲ್ಕು ಅಂಕ ಯಾಕೆಂದು ಕೇಳಿದರೆ, "ನೂರು ಕೊಟ್ರೆ ನಿಮ್ಮನ್ನ ಹಿಡಿಯೋರು ಯಾರು?" ಎಂದಳು.

ಇಲ್ಲಿಗೆ ಕೈ ತೊಳೆದುಕೊಂಡಿದ್ದರೆ ಈ ಪತ್ರ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬೆಳಕಿಲ್ಲದ ಹಾಳೆ ನನ್ನ ಅಂಗಡಿಯಿಂದ ಹೊರಗೆ ಹೋದ ಉದಾಹರಣೆ ಇಲ್ಲ. ಕಾರು ನೆಲಕ್ಕೆ ಅಂಟಿದ್ದು, ಬರುವಾಗ ಸಂಜೆಯಾಗುತ್ತದೆ, ಲಾರಿಯವರ ಕಣ್ಣಿಗೆ ಬೀಳಲಿ ಎಂಬ ನೆಪ ಸಿಕ್ಕಿತು; ಕೆಳಗಿನ ಅಂಚಿಗೆ ಎಲ್‌ಇಡಿ ಪಟ್ಟಿ ಕೂರಿಸಿ, ಎರಡು ಸೀಟಿನ ನಡುವೆ ಒಂದು ಸ್ವಿಚ್ ಇಟ್ಟೆ. ಹಾಡಹಗಲಲ್ಲೇ ಹಾಕಿ ನೋಡಿದೆ, ಅಂಚೆಲ್ಲ ನೀಲಿ ಗೆರೆಯಾಗಿ ಹೊಳೆಯಿತು, ಬಹಳ ಸಂತೋಷವಾಯಿತು. ಮಾನ್ಯರೇ, ಅಕ್ರಿಲಿಕ್ಕಿಗೆ ಅಂಚಿನಿಂದ ಬೆಳಕು ಹರಿಸಿದರೆ ಅದು ತನ್ನ ಮೈಮೇಲಿನ ಒಂದು ಗೀರನ್ನೂ ಮುಚ್ಚಿಡುವುದಿಲ್ಲ, ಎಷ್ಟು ತಿಕ್ಕಿದರೂ ಕತ್ತಲಾದ ಮೇಲೆ ಎಲ್ಲ ಹೇಳಿಬಿಡುತ್ತದೆ ಎಂದು ಇಪ್ಪತ್ತಾರು ವರ್ಷದಿಂದ ಗಿರಾಕಿಗಳಿಗೆ ಪಾಠ ಹೇಳುತ್ತ ಬಂದವನು ನಾನು. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು.

ಗುರುವಾರ ಮುಸ್ಸಂಜೆ, ಗೊಂಬೆಯನ್ನು ಸಲೂನಿಗೆ ಮರಳಿಸಿ, ಒಬ್ಬನೇ ಹೊರಟೆ. ಬೆಳಕು ನೇರ ಕನ್ನಡಿಗೆ ಬಡಿದು ಕಣ್ಣು ಕುಕ್ಕಿದ್ದರಿಂದ ಒಳಗಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಟ್ಟೆ. ಬಸ್ ಸ್ಟಾಪಿನಲ್ಲಿ ಸೂಟ್‌ಕೇಸ್ ಹಿಡಿದಿದ್ದವರೊಬ್ಬರು, ನಾನು ದಾಟಿ ಮುಂದೆ ಹೋದ ಮೇಲೆ, ಹಿಂದಿನಿಂದ ಕೂಗಿ ಕೈಬೀಸಿದರು. ನನ್ನ ಕೈಕೆಲಸ ಮೆಚ್ಚಿದರೆಂದು ನಾನೂ ಬೀಸಿದೆ. ಅವರು ಸೂಟ್‌ಕೇಸ್ ಎತ್ತಿಕೊಂಡು ಓಡತೊಡಗಿದರು. ಇಷ್ಟೊಂದು ಮೆಚ್ಚುಗೆ ಒಳ್ಳೆಯದಲ್ಲವೆಂದು ನಾನು ವೇಗ ಹೆಚ್ಚಿಸಿದೆ. ಸಿಗ್ನಲ್ಲಿನಲ್ಲಿ ನಿಂತಾಗ, ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ನನ್ನ ಕಾರಿನ ಹಿಂದಿನಿಂದ ಸುತ್ತಿ ಬಂದು, ಬಾಗಿಲು ತೆಗೆದು, "ಉಸ್ಸಪ್ಪಾ" ಎನ್ನುತ್ತ ಪಕ್ಕದ ಸೀಟಿನಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ನೀರಿನ ಟ್ಯಾಂಕ್ ಹಿಂದಿನ ಬೀದಿಗೆ ಬಿಟ್ಬಿಡಪ್ಪ" ಎಂದರು. ಹಸಿರು ದೀಪ ಬಂತು, ಹಿಂದಿನವರು ಹಾರ್ನ್ ಹೊಡೆದರು, ಹೊರಟೆ. ದಾರಿಯುದ್ದಕ್ಕೂ ಅವರ ಬಿಳಿ ಕೂದಲಿನ ಒಂದೆಳೆಯೂ ಅಲುಗಲಿಲ್ಲ, ಇಳಿಯುವಾಗ ಅವರು "ಮೇಲೆ ಮುಚ್ಚಿಲ್ಲ, ಆದ್ರೂ ಗಾಳಿನೇ ಇಲ್ವಲ್ಲಪ್ಪ" ಎಂದು ಆಶೀರ್ವಾದ ಮಾಡಿ ಎರಡು ಕ್ಯಾರೆಟ್ ಕೊಟ್ಟರು. ತಮ್ಮ ಸೋಲಿಗೆ ಸಿಕ್ಕ ಮೊದಲ ಲಿಖಿತವಲ್ಲದ ಪ್ರಮಾಣಪತ್ರ ಅದು. ಕ್ಯಾರೆಟ್ಟುಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಮುಂದಿನ ವೃತ್ತದಲ್ಲಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದರು. "ಸ್ವಂತ ಗಾಡೀಲಿ ಬಾಡಿಗೆ ಹೊಡೀತಿದೀರಾ?" ಎಂದು ಕೇಳಿ, ಇಲ್ಲವೆಂದು ನಾನು ಆಣೆ ಮಾಡಲು ಬಾಯಿ ತೆರೆಯುವಷ್ಟರಲ್ಲಿ, "ಇಳಿದು ಹಿಂದೆ ಹೋಗಿ ಓದ್ಕೊಂಡು ಬನ್ನಿ" ಎಂದರು. ಹೋದೆ. ಕತ್ತಲಲ್ಲಿ ನನ್ನ ಗಾಳಿತಡೆ ಉದ್ದಕ್ಕೂ ಹೊಳೆಯುತ್ತಿತ್ತು, ಅದರ ನಡುವೆ ಬೆರಳುದ್ದದ ಅಕ್ಷರಗಳಲ್ಲಿ ಬರೆದಿತ್ತು: ‘ಒಳಗೆ ಬನ್ನಿ, ಒಂದು ಸೀಟು ಖಾಲಿ ಇದೆ.’

ಗಾಳಿ ಒಳಗೆ ಬರಬಾರದೆಂದು ಮೂರು ವಾರ ಬೆವರು ಸುರಿಸಿ ಮಾಡಿದ ಹಲಗೆ ಊರಿಗೆಲ್ಲ ಒಳಗೆ ಬನ್ನಿ ಎನ್ನುತ್ತಿತ್ತು. ಪೊಲೀಸರು ನಗು ತಡೆಯಲು ಸೀಟಿ ಕಚ್ಚಿಕೊಂಡಿದ್ದರು. ನಾನು ನಗಲಿಲ್ಲ, ನಾಚಲೂ ಇಲ್ಲ, ಯಾಕೆಂದರೆ ಆ ಅಕ್ಷರ ಯಾರದೆಂದು ಆ ಕ್ಷಣಕ್ಕೇ ಗೊತ್ತಾಯಿತು. ಅದು ನನ್ನ ಕೈ ಇನ್ನೂ ಪಳಗದ ಕಾಲದಲ್ಲಿ ನಾನೇ ಕೆತ್ತಿದ್ದು. ಆಗ ಅವಳು ಸಲೂನ್ ತೆರೆದು ಒಂದು ವಾರವಾಗಿತ್ತು, ಅಲ್ಲಿ ಇದ್ದದ್ದು ಎರಡೇ ಕುರ್ಚಿ, ಅಂಗಡಿ ಬರಿದಾಗಿ ಕಾಣಬಾರದೆಂದು ಒಂದರಲ್ಲಿ ಅವಳೇ ಗಿರಾಕಿಯ ಹಾಗೆ ಕೂತಿರುತ್ತಿದ್ದಳು. ಕಿಟಕಿಗೆ ನೇತುಹಾಕಲು ಈ ಬೋರ್ಡು ಮಾಡಿಸಿದಳು. ಸೀಟು ಖಾಲಿ ಇದ್ದರೆ ದೀಪ ಹಾಕುವುದು, ಯಾರಾದರೂ ಕೂತ ತಕ್ಷಣ ಆರಿಸುವುದು. ಜನರಿಗೆ ಸುಳ್ಳು ಬೋರ್ಡು ತೋರಿಸಬಾರದು ಎನ್ನುವುದು ಅಂದಿನಿಂದಲೂ ಅವಳ ನಿಯಮ. ಬೋರ್ಡು ತೂಗುಹಾಕಲು ಹೋದವನು ನಾನು, ದೀಪ ಹಾಕಿ ಉರಿಯುತ್ತದೆಯೇ ಎಂದು ನೋಡಿ, ಹಾಗೇ ಒಳಗೆ ಹೋಗಿ ಕೂತುಬಿಟ್ಟೆ. ಆ ತಿಂಗಳು ನಾಲ್ಕು ಸಲ ಕೂದಲು ಕತ್ತರಿಸಿಕೊಂಡೆ. ಇವತ್ತು ತಲೆ ಹೀಗಿರುವುದಕ್ಕೆ ಅದೂ ಒಂದು ಕಾರಣ ಎಂದು ನನ್ನ ಗುಮಾನಿ.

ಗಾಳಿಮಾತು ತಮ್ಮ ಇಲಾಖೆಗೇ ಸೇರಿದ್ದೆಂದು ಕೇಳಿದ್ದೇನೆ. ಅದರ ಕಾರ್ಯಕ್ಷಮತೆಗೆ ಅಭಿನಂದನೆಗಳು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಭಾವಮೈದ ಫೋನಿನಲ್ಲಿ ಅಕ್ಕನಿಗೆ, "ಭಾವ ಸೀಟು ಖಾಲಿ ಇದೆ ಅಂತ ಲೈಟ್ ಹಾಕ್ಕೊಂಡು ಊರೆಲ್ಲ ತಿರುಗ್ತಿದಾರಂತೆ, ಯಾರೋ ಹೆಂಗಸನ್ನ ಕೂರಿಸ್ಕೊಂಡೂ ಹೋದ್ರಂತೆ" ಎಂದು ವರದಿ ಒಪ್ಪಿಸಿದ್ದ. ಆ ಹೆಂಗಸಿಗೆ ಎಂಬತ್ತು ವರ್ಷ, ಕೈಯಲ್ಲಿ ಕ್ಯಾರೆಟ್ ಇತ್ತು ಎಂಬ ವಿವರವನ್ನು ತಾವು ದಾರಿಯಲ್ಲಿ ಎಲ್ಲೋ ಬೀಳಿಸಿದ್ದಿರಿ. ಹೆಂಡತಿ ಬೈಯಲಿಲ್ಲ. ಶುಕ್ರವಾರ, ಶನಿವಾರ ಎರಡು ದಿನ ಊಟಕ್ಕೆ ಬನ್ನಿ, ಬಾಗಿಲು ಹಾಕಿ ಎಂಬೆರಡು ಮಾತು ಬಿಟ್ಟು ಮೂರನೆಯದು ಬರಲಿಲ್ಲ. ನನಗೆ ನಿಜವಾಗಿಯೂ ಭಯವಾಯಿತು. ಅಕ್ಷರ ಅಳಿಸೋಣವೆಂದು ಉಪ್ಪುಕಾಗದ ಹಿಡಿದು ಎರಡು ಸಲ ಕಾರಿನ ಹತ್ತಿರ ಹೋದೆ. ಅಳಿಸಿದರೆ ಇಡೀ ಹಾಳೆ ಮಂಜಾಗುತ್ತದೆ ಎಂಬುದು ತೋರಿಕೆಯ ಕಾರಣ. ನನ್ನ ಕೈಯಿಂದ ಅದನ್ನು ಅಳಿಸಲು ಆಗಲಿಲ್ಲ ಎಂಬುದು ನಿಜ. ಕೊನೆಗೆ ದೀಪವನ್ನೇ ಹಾಕುವುದಿಲ್ಲವೆಂದು ನಿಶ್ಚಯಿಸಿದೆ.

ಭಾನುವಾರ ಮಧ್ಯಾಹ್ನ ಭಾವಮೈದನ ಕಾರು ಗೇಟಿನ ಹೊರಗೆ ಬಂದು ನಿಂತಿತು, ಕಿಟಕಿ ಏರಿಸಿ, ಎ.ಸಿ. ಗುಂಯ್‌ಗುಡುತ್ತ. ನನ್ನದು ಶೆಡ್ಡಿನೊಳಗೆ ಮಾಡು ಮಡಚಿಕೊಂಡು ಕಾಯುತ್ತಿತ್ತು. ಹೆಂಡತಿ ಹೊರಗೆ ಬಂದಳು. ತಲೆಯ ಮೇಲೆ ಮೂರು ಸುತ್ತಿನ ಗಂಟು, ಪಕ್ಕದಲ್ಲಿ ಒಂದು ಸಣ್ಣ ಜಡೆ, ಒಂದೆಳೆ ಆಚೀಚೆ ಇಲ್ಲ; ಬೆಳಿಗ್ಗೆ ಐದಕ್ಕೆ ಎದ್ದು ತನ್ನ ತಲೆಯನ್ನು ತಾನೇ ಎರಡು ಕನ್ನಡಿ ಹಿಡಿದು ಕಟ್ಟಿಕೊಂಡಿದ್ದಳು. ಎಷ್ಟು ಚೆನ್ನಾಗಿ ಕಾಣುತ್ತಿದ್ದಳೆಂದರೆ, ಇವಳನ್ನು ತಮ್ಮಂಥವರ ಬಾಯಿಗೆ ಒಡ್ಡುವುದು ಪಾಪ, ಆ ಮುಚ್ಚಿದ ಕಾರಿನಲ್ಲೇ ಹೋಗಲಿ ಎಂದು ನನಗೇ ಅನಿಸಿಬಿಟ್ಟಿತು. ಅವಳು ಗೇಟಿನ ಕಡೆ ಹೋಗಲಿಲ್ಲ. ನೆಟ್ಟಗೆ ಶೆಡ್ಡಿಗೆ ಬಂದು, ನನ್ನ ಕಾರಿನ ಹಿಂದೆ ನಿಂತು, "ಹಾಕಿ, ನೋಡೋಣ" ಎಂದಳು.

ಹಾಕಿದೆ. ಶೆಡ್ಡಿನ ನೆರಳಿನಲ್ಲಿ ಅಕ್ಷರಗಳು ಒಂದೊಂದಾಗಿ ಎದ್ದುಬಂದವು. ಅವಳು ಬಾಗಿ ಒಂದೊಂದನ್ನೂ ಓದಿದಳು. ಆಮೇಲೆ ಬೆರಳಿಟ್ಟು, "ಈ ‘ಖಾ’ ಆಗಲೂ ಸೊಟ್ಟಗಿತ್ತು" ಎಂದಳು. ಇದನ್ನು ಎಲ್ಲಿಟ್ಟಿದ್ದಿರಿ ಇಷ್ಟು ವರ್ಷ ಎಂದು ಕೇಳಲಿಲ್ಲ, ಕೇಳಿದ್ದರೆ, ಸಲೂನಿಗೆ ಕುರ್ಚಿ ಹೆಚ್ಚಿದಾಗ ಇಳಿಸಿ ತಂದವನಿಗೆ ಮರೆತೇಹೋಗಿತ್ತೆಂಬ ನಿಜವನ್ನು ಹೇಳಬೇಕಾಗುತ್ತಿತ್ತು. ಆ ಉಪಕಾರಕ್ಕೆ ಅವಳಿಗೆ ಋಣಿ. ಬಳಿಕ ಗೇಟಿನ ಕಡೆ ತಿರುಗಿ, ಏರಿಸಿದ ಕಿಟಕಿಯಾಚೆಗೂ ಕೇಳುವ ಹಾಗೆ ತಮ್ಮನಿಗೆ, "ನೀನು ಹೊರಡಪ್ಪ. ಇವರು ಸೀಟು ಖಾಲಿ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗೋದಕ್ಕಿಂತ ನಾನೇ ಕೂತ್ಕೋತೀನಿ" ಎಂದು ಬಂದು, ಬಾಗಿಲು ತೆಗೆದು, ಕೂತಳು. ಕೂತವಳ ಕೈ, ಬೆಲ್ಟಿಗೂ ಹೋಗದೆ, ಗಂಟಿಗೂ ಹೋಗದೆ, ನೇರ ಸ್ವಿಚ್ಚಿಗೆ ಹೋಗಿ ದೀಪ ಆರಿಸಿತು. ಸೀಟು ತುಂಬಿದ ಮೇಲೆ ದೀಪ ಉರಿಯಬಾರದು.

ಮಾನ್ಯರೇ, ಆ ನಲವತ್ತು ಕಿಲೋಮೀಟರ್ ತಾವು ಮಾಡದ ಪ್ರಯತ್ನವಿಲ್ಲ. ಸೇತುವೆಯ ಮೇಲೆ ಅಡ್ಡಬಂದಿರಿ, ಬಯಲಿನಲ್ಲಿ ಧೂಳು ಕಟ್ಟಿಕೊಂಡು ಬಂದಿರಿ, ಲಾರಿಯ ಬೆನ್ನ ಮರೆಯಲ್ಲಿ ಅಡಗಿ ಕೂತು ಒಮ್ಮೆಲೇ ನುಗ್ಗಿದಿರಿ. ಹಾಳೆ ಅಲುಗಲಿಲ್ಲ. ಸಭಾಂಗಣದ ಮೆಟ್ಟಿಲಲ್ಲಿ ಅವಳು ಇಳಿದಾಗ ಗಂಟು ಮೂರು ಸುತ್ತು, ಜಡೆ ಒಂದು, ಹೊರಟಾಗ ಇದ್ದ ಹಾಗೇ. ಐವತ್ತು ಕೇಶಾಲಂಕಾರದವರು ಅದನ್ನು ನಾಲ್ಕೂ ಕಡೆಯಿಂದ ನೋಡಿದರು, ಅದು ತೆರೆದ ಕಾರಿನಲ್ಲಿ ಬಂದ ತಲೆ ಎಂದು ಒಬ್ಬರೂ ನಂಬಲಿಲ್ಲ. ನಾನು ಹೊರಗೆ ಕಾರಿಗೆ ಒರಗಿ ನಿಂತು ಎದೆ ಉಬ್ಬಿಸಿದ್ದೆ.

ಈಗ ನನ್ನ ದೂರು. ತೀರ್ಪು ಮುಗಿದು, ಸಂಜೆ ವಾಪಸು ಹೊರಟು, ಆ ಊರಿನ ಕೊನೆಯ ಮನೆ ದಾಟಿದ ಮೇಲೆ ಅವಳು, "ಸ್ವಲ್ಪ ನಿಲ್ಲಿಸ್ತೀರಾ?" ಎಂದಳು. ನಿಲ್ಲಿಸಿದೆ. ಗಂಟಿನಿಂದ ಒಂದೊಂದೇ ಪಿನ್ನು ತೆಗೆದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಹಾಕಿದಳು, ಎಣಿಸಿದೆ, ಮೂವತ್ತೊಂದು. ಕೂದಲು ಕೊಡವಿದಳು. ಆಮೇಲೆ ಅತ್ಯಂತ ಸಹಜವಾಗಿ, ನನ್ನ ಮೂರು ವಾರದ ಶ್ರಮದ ಕಡೆ ಹೆಬ್ಬೆರಳು ತೋರಿಸಿ, "ಅದನ್ನ ಬಿಚ್ಚಿ ಹಿಂದೆ ಇಡಿ. ಕೆಲಸ ಆಯ್ತಲ್ಲ, ಈಗ ಬಂದ್ರೆ ಬರಲಿ" ಎಂದಳು. ಬಿಚ್ಚಿದೆ. ತಾವು ಬಂದಿರಿ. ಯಾವ ಸಂಕೋಚವೂ ಇಲ್ಲದೆ, ಕರೆದದ್ದೇ ತಡ ಎಂಬಂತೆ ಬಂದು, ಮನೆ ತಲುಪುವವರೆಗೂ ಅವಳ ಕೂದಲಲ್ಲೇ ಠಿಕಾಣಿ ಹೂಡಿದಿರಿ. ಅವಳು ಕಣ್ಣು ಮುಚ್ಚಿ ಜೋರಾಗಿ ನಕ್ಕಳು. ನಾನು ದಾರಿಯಲ್ಲಿ ಮೂರು ಜೋಕು ಹೇಳಿದೆ, ಒಂದೂ ಅವಳ ಕಿವಿಗೆ ಬೀಳಲಿಲ್ಲ. ಮೂರು ವಾರ ಕೈ ಸುಟ್ಟುಕೊಂಡು ದುಡಿದವನು ನಾನು, ನಗಿಸಿದ ಕೀರ್ತಿ ತಮಗೆ! ಇದು ಯಾವ ನ್ಯಾಯ?

ಆದ್ದರಿಂದ ತಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ಇನ್ನು ಮುಂದೆ ತಾವು ನಮ್ಮ ಕಾರಿಗೆ ಮುಂದಿನಿಂದ, ಒಮ್ಮೆ ಕೆಮ್ಮಿ ಸೂಚನೆ ಕೊಟ್ಟು ಬರಬೇಕು. ನಾನು ಜೋಕು ಹೇಳುವಾಗ ಅದು ಮುಗಿಯುವವರೆಗೆ ರಸ್ತೆ ಬದಿಯ ಯಾವುದಾದರೂ ಮರದಲ್ಲಿ ಕೂತು ಕಾಯಬೇಕು. ನನ್ನ ಟೋಪಿಗಳಲ್ಲಿ ಕನಿಷ್ಠ ಕಂದು ಬಣ್ಣದ್ದನ್ನಾದರೂ ಹಿಂದಿರುಗಿಸಬೇಕು, ಅದು ಅವಳು ಕೊಡಿಸಿದ್ದು. ಮತ್ತು ಬಿಡುವಾದಾಗ ನನ್ನ ಭಾವಮೈದನ ಕಾರಿಗೂ ಒಮ್ಮೆ ಭೇಟಿ ಕೊಡಬೇಕು, ಪಾಪ, ತಾವು ಹೇಗಿದ್ದೀರೆಂದೇ ಅವನಿಗೆ ಗೊತ್ತಿಲ್ಲ. ಇಷ್ಟನ್ನು ನಡೆಸಿಕೊಟ್ಟರೆ, ನನ್ನ ಮುಂದಿನ ಬೋರ್ಡುಗಳಿಗೆಲ್ಲ ತಮಗೆ ಆಡಲು ಒಂದೆರಡು ತೂತು ಬಿಡುವ ಬಗ್ಗೆ ಸಹಾನುಭೂತಿಯಿಂದ ಯೋಚಿಸುತ್ತೇನೆ.

ಇಲ್ಲಿಗೆ ನಟ್ಟುಗಳನ್ನು ತೆಗೆಯುತ್ತಿದ್ದೇನೆ. ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ಕಿಟಕಿಯಲ್ಲಿ ಇಡುತ್ತೇನೆ; ತಾವೇ ಬಂದು ಒಯ್ಯುವಿರೆಂದು ಅನುಭವದಿಂದ ಬಲ್ಲೆ.

ತಮ್ಮ ವಿಶ್ವಾಸಿ,
ಕೆಂಪು ಕಾರಿನ ಬೋರ್ಡಿನವನು

ಮರೆತ ಮಾತು: ಅಕ್ಷರ ಅಳಿಸಬಾರದೆಂದು ಮನೆಯಲ್ಲಿ ಆಜ್ಞೆಯಾಗಿದೆ, ಸ್ವಿಚ್ಚು ಈಗ ಅವಳ ಸುಪರ್ದಿನಲ್ಲಿದೆ. ನಮ್ಮ ಕಾರಿನ ಹಿಂದೆ ಬೋರ್ಡು ಹೊಳೆಯುತ್ತಿದ್ದರೆ, ಅವಳು ಸಲೂನಿನಲ್ಲಿದ್ದಾಳೆ, ನಾನೊಬ್ಬನೇ ಹೊರಟಿದ್ದೇನೆ ಎಂದು ತಿಳಿಯಿರಿ. ಆಗ ಬನ್ನಿ, ಕೂತುಕೊಳ್ಳಿ, ನನಗೂ ಮಾತಿಗೆ ಯಾರಾದರೂ ಬೇಕು. ದೀಪ ಆರಿದ್ದರೆ ಮಾತ್ರ ದಯವಿಟ್ಟು ಬೇರೆ ಕಾರು ನೋಡಿಕೊಳ್ಳಿ. ಒಂದು ಸಂಜೆ ಅವಳು ಕರೆದಳೆಂದು ಸಲಿಗೆ ಬೆಳೆಸಬೇಡಿ; ಆ ಸೀಟು ಭರ್ತಿಯಾಗಿದೆ.